ಬರೆದದ್ದನ್ನು ಓದಿ ಹೇಳುವವರು ಎಲ್ಲಿದ್ದಾರೆ?

(ತೀರ್ಥಹಳ್ಳಿಯಲ್ಲಿ ನಡೆದ ಎಳೆಯ ಬರಹಗಾರರ ಕಮ್ಮಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹೊರಗಿನ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಕೋಣಂದೂರಿನ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದು, “ಸರ್, ನನ್ನ ಹತ್ತಿರ ಇಪ್ಪತ್ತು ಕಥೆಗಳಿವೆ, ಎಲ್ಲಿ ಹಾಕಿದರೆ ಒಳ್ಳೆಯದು?” ಎಂದು ಕೇಳಿದರು. ಅವರ ವಯಸ್ಸಿನಲ್ಲಿ ನಾವು “ಎಲ್ಲಿಗೆ ಕಳಿಸಬೇಕು?” ಎಂದು ಕೇಳುತ್ತಿದ್ದೆವು. ಕಥೆಯನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಸ್ವವಿಳಾಸದ ಅಂಚೆ ಲಕೋಟೆಯನ್ನು ಜೊತೆಗಿಟ್ಟು ಪತ್ರಿಕೆಗೆ ಕಳಿಸಿ, ಆರು ತಿಂಗಳ ಕಾಲ ಅಂಚೆಯಣ್ಣನ ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದೆವು. ಕಳಿಸುವುದಕ್ಕೂ ಹಾಕುವುದಕ್ಕೂ ನಡುವೆ ಇರುವ ವ್ಯತ್ಯಾಸವೇ ನನ್ನ ಇಂದಿನ ಮಾತಿನ ವಿಷಯ. ಕಳಿಸಿದಾಗ ಆ ಕಡೆ ಒಬ್ಬ ಸಂಪಾದಕ ಇರುತ್ತಿದ್ದ. ಬೇಡವೆಂದು ಹಿಂದಕ್ಕೆ ಕಳಿಸಿದರೂ ಒಮ್ಮೆಯಾದರೂ ಓದುತ್ತಿದ್ದ. ಈಗ ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪ್ರಕಟಿಸುವ ಜಾಗಕ್ಕೆ ಬರ ನೀಗಿದೆ, ಗಮನವಿಟ್ಟು ಓದಿ ತಪ್ಪು ತೋರಿಸುವವರಿಗೆ ಮಾತ್ರ ಬರ ಬಂದಿದೆ. ಆದ್ದರಿಂದ ಯಾವುದೇ ಜಾಲತಾಣವನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇಲ್ಲಿಗೆ ಬಂದರೆ ನನ್ನ ಓದು ಹೆಚ್ಚುತ್ತದೆಯೇ, ಅಥವಾ ನನ್ನ ಬರಹವನ್ನು ಯಾರಾದರೂ ನಿಜವಾಗಿ ಓದುತ್ತಾರೆಯೇ?

ಮೊದಲು ಪದಗಳಿಂದ ಆರಂಭಿಸೋಣ, ಏಕೆಂದರೆ ಅಂತರ್ಜಾಲವು ನಮ್ಮಂಥ ಊರುಗಳ ಬರಹಗಾರರಿಗೆ ಮಾಡಿರುವ ಅತಿ ದೊಡ್ಡ ಉಪಕಾರ ಅಲ್ಲಿದೆ. ಫರ್ಡಿನಾಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟಿಸಿದ ನಿಘಂಟನ್ನು ನೋಡಬೇಕೆಂದರೆ ನಾನು ವಿದ್ಯಾರ್ಥಿಯಾಗಿದ್ದಾಗ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಗ್ರಂಥಾಲಯದ ಮೇಜಿನ ಮೇಲೆಯೇ ಅದನ್ನು ತೆರೆದು ಟಿಪ್ಪಣಿ ಮಾಡಿಕೊಳ್ಳಬೇಕಾಗಿತ್ತು. ಇಂದು ಅದೇ ಪುಟಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಚಿತ್ರರೂಪದಲ್ಲಿ ಸಿಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದು. ಇನ್ನು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ಹಲವು ದಶಕಗಳ ಕಾಲ ಕೂತು ಕಟ್ಟಿದ ಕೆಲಸ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಅದನ್ನು 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದಿಡಲಾಯಿತು. ಬರೆಯುತ್ತಿರುವಾಗ ಒಂದು ಪದದ ಮೇಲೆ ಅನುಮಾನ ಬಂದರೆ ದಯವಿಟ್ಟು ಅಲ್ಲೇ ನಿಂತು ನೋಡಿ. ಆಮೇಲೆ ನೋಡೋಣವೆಂದು ಬಿಟ್ಟ ಪದವನ್ನು ಯಾರೂ ಆಮೇಲೆ ನೋಡುವುದಿಲ್ಲ.

ನಿಘಂಟು ಒಂದು ಪದದ ಅರ್ಥವನ್ನು ಹೇಳುತ್ತದೆ, ಆದರೆ ಆ ಪದ ಬಾಳಿದ ಬಗೆಯನ್ನು ತಿಳಿಯಬೇಕಾದರೆ ‘ವಚನ ಸಂಚಯ’ದಂಥ ತಾಣಕ್ಕೆ ಹೋಗಬೇಕು. ಸಾವಿರಾರು ವಚನಗಳನ್ನು ಅಲ್ಲಿ ಪದದ ಮೂಲಕ ಹುಡುಕಬಹುದು. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲೇ ಇರುವುದರಿಂದ ಈ ಹುಡುಕಾಟ ನಮಗೆ ಮನೆಯಂಗಳದ ಹುಡುಕಾಟವೂ ಹೌದು. ಒಮ್ಮೆ ‘ಬಯಲು’ ಎಂಬ ಪದವನ್ನು ಹಾಕಿ ನೋಡಿ. ನಮ್ಮ ಮಾತಿನಲ್ಲಿ ಬಯಲು ಎಂದರೆ ಮನೆಯ ಮುಂದಿನ ಗದ್ದೆಯ ಹರವು. ಸ್ವಲ್ಪ ದೂರಕ್ಕೆ ಹೋದರೆ ಘಟ್ಟದ ಪೂರ್ವಕ್ಕಿರುವ ಬಯಲುಸೀಮೆ. ಅಲ್ಲಮನಲ್ಲಿ ಅದೇ ಪದ ರೂಪವಿಲ್ಲದ, ಎಲ್ಲೆಯಿಲ್ಲದ ನಿಲುವನ್ನು ಹೇಳುತ್ತದೆ. ಈ ಎರಡನ್ನೂ ಬಲ್ಲವನು ತನ್ನ ಕಥೆಯಲ್ಲಿ “ಅಪ್ಪ ಬಯಲಿಗೆ ಹೋದ” ಎಂದು ಬರೆದಾಗ, ಗದ್ದೆಗೆ ಹೋದ ಅಪ್ಪನ ಹಿಂದೆ ಇನ್ನೊಂದು ನೆರಳು ಚಾಚಿಕೊಂಡಿರುವುದನ್ನು ಅರಿತೇ ಬರೆಯುತ್ತಾನೆ.

ಹಳೆಯ ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಪುಸ್ತಕಗಳನ್ನು ಟೈಪ್ ಮಾಡಿ ಇಡುವ ಕನ್ನಡ ವಿಕಿಸೋರ್ಸ್‌ನಲ್ಲಿಯೂ ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಓದುವುದಕ್ಕೆ ಬಹಳಷ್ಟಿದೆ. ಆದರೆ ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲವೂ ಹಕ್ಕುಮುಕ್ತ ಎಂದು ತಿಳಿಯಬಾರದು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳವರೆಗೆ ಕೃತಿಯ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2007ರ ಹೊತ್ತಿಗೆ ಎಲ್ಲರಿಗೂ ಮುಕ್ತವಾದವು. ಇಲ್ಲಿಗೆ ಹತ್ತಿರದ ಕುಪ್ಪಳಿಯ ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಅವರ ಕಾದಂಬರಿಯ ಚಿತ್ರಪ್ರತಿಯೊಂದು ಯಾರದೋ ಗುಂಪಿನಲ್ಲಿ ಹರಿದಾಡಿದಾಗ ಅದನ್ನು ಮುಂದಕ್ಕೆ ತಳ್ಳುವ ಮೊದಲು ಒಂದು ಕ್ಷಣ ಯೋಚಿಸಿ. ನಾಳೆ ಹಾಗೆಯೇ ಹರಿದಾಡುವುದು ನಿಮ್ಮ ಪುಸ್ತಕವಾಗಿರಬಹುದು.

ಈಗ ಬರೆಯುವುದಕ್ಕೆ ಬರೋಣ. ಕಥೆ ಕವಿತೆ ಬರೆಯುವವರಿಗೆ ನಾನು ವಿಕಿಪೀಡಿಯವನ್ನು ಸೂಚಿಸಿದಾಗಲೆಲ್ಲ ಅವರ ಮುಖದಲ್ಲಿ ನಿರಾಸೆ ಕಾಣಿಸುತ್ತದೆ. 2003ರಲ್ಲಿ ಆರಂಭವಾಗಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವು ಗದ್ಯ ಕಲಿಯುವುದಕ್ಕೆ ನಮ್ಮಲ್ಲಿರುವ ಅತ್ಯಂತ ಕಟ್ಟುನಿಟ್ಟಿನ ಶಾಲೆಗಳಲ್ಲಿ ಒಂದು ಎಂಬುದು ನನ್ನ ಅನುಭವ. ಸೊರಬದ ಕಡೆಯ ಒಬ್ಬ ವಿದ್ಯಾರ್ಥಿನಿ ಹಸೆ ಚಿತ್ತಾರದ ಬಗ್ಗೆ ವಿಕಿಪೀಡಿಯಕ್ಕೆ ಬರೆದ ಕರಡನ್ನು ನನಗೆ ತೋರಿಸಿದ್ದರು. “ಹಸೆ ಚಿತ್ತಾರವು ಮಲೆನಾಡಿನ ಅತ್ಯಂತ ಅದ್ಭುತವಾದ, ಮನಮೋಹಕವಾದ ಕಲೆಯಾಗಿದೆ” ಎಂಬುದು ಅದರ ಮೊದಲ ವಾಕ್ಯ. ಅಲ್ಲಿ ಲೇಖನಗಳನ್ನು ತಿದ್ದುವ ಮತ್ತೊಬ್ಬರು ಅದನ್ನು ತೆಗೆದುಹಾಕಿ, ಅದ್ಭುತವೆಂದು ಹೇಳಿದವರು ಯಾರು, ಆಧಾರವೇನು ಎಂದು ಚರ್ಚೆಯ ಪುಟದಲ್ಲಿ ಕೇಳಿದ್ದರು. ಆಕೆಗೆ ಎರಡು ದಿನ ಅಳುವೇ ಬಂದಿತ್ತಂತೆ. ಮೂರನೆಯ ದಿನ ಅಜ್ಜಿಯ ಹತ್ತಿರ ಕೂತು ಕೇಳಿದರು, ಗ್ರಂಥಾಲಯಕ್ಕೆ ಹೋಗಿ ಅಚ್ಚಾದ ಆಧಾರ ಹುಡುಕಿದರು, ಮತ್ತೆ ಬರೆದರು: ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಳಸಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆದು ಬರೆಯುವ ಚಿತ್ರ. ‘ಅದ್ಭುತ’ ಹೋಗಿ ಪುಂಡಿ ನಾರು ಬಂದದ್ದೇ ಆಕೆಯ ಬರವಣಿಗೆ ತಿರುಗಿದ ಗಳಿಗೆ. ಆ ವರ್ಷ ಆಕೆ ಬರೆದ ಕಥೆಗಳಲ್ಲಿಯೂ ವಿಶೇಷಣಗಳು ಕಡಿಮೆಯಾಗಿ ವಸ್ತುಗಳು ಹೆಚ್ಚಾದವು. ವಿಕಿಪೀಡಿಯದಲ್ಲಿ ಪ್ರತಿ ಪುಟಕ್ಕೂ ಇತಿಹಾಸವಿರುತ್ತದೆ. ಒಂದು ವಾಕ್ಯ ಹೇಗಿದ್ದದ್ದು ಹೇಗಾಯಿತು ಎಂಬುದನ್ನು ಹಂತ ಹಂತವಾಗಿ ನೋಡಬಹುದು. ಅಚ್ಚಾದ ಪುಸ್ತಕವು ಲೇಖಕನು ಹೊಡೆದುಹಾಕಿದ ಸಾಲುಗಳನ್ನು ನಮಗೆ ತೋರಿಸುವುದೇ ಇಲ್ಲ.

ಪರಸ್ಪರ ಓದುವ ಕೂಟಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ, ಏಕೆಂದರೆ ನನಗೆ ಅತ್ಯಂತ ಮುಖ್ಯವೆನಿಸಿರುವುದು ಇದೇ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಕ್ರಿಟೀಕ್ ಸರ್ಕಲ್, ಸ್ಕ್ರಿಬೊಫೈಲ್ ಎಂಬ ತಾಣಗಳಿವೆ. ಅವುಗಳ ಕಟ್ಟಳೆ ಸರಳವಾದದ್ದು: ಬೇರೆಯವರ ಬರಹವನ್ನು ಓದಿ ವಿವರವಾದ ಟಿಪ್ಪಣಿ ಬರೆದರೆ ನಿಮ್ಮ ಖಾತೆಗೆ ಅಂಕ ಸೇರುತ್ತದೆ, ಸಾಕಷ್ಟು ಅಂಕ ಕೂಡಿದ ಮೇಲೆಯೇ ನಿಮ್ಮ ಬರಹವನ್ನು ಓದಿಗೆ ಒಡ್ಡಬಹುದು. ನಮ್ಮ ಊರಿನವರಿಗೆ ಇದು ಹೊಸದೇನೂ ಅಲ್ಲ. ನಾಟಿಯ ಹೊತ್ತಿನಲ್ಲಿ ಮುಯ್ಯಾಳು ಹೋಗುವ ಪದ್ಧತಿ ಇದೇ ತಾನೆ? ನೀವು ನನ್ನ ಗದ್ದೆಗೆ ಒಂದು ದಿನ, ನಾನು ನಿಮ್ಮ ಗದ್ದೆಗೆ ಒಂದು ದಿನ. ಕನ್ನಡದಲ್ಲಿ ಅಂಥದೊಂದು ದೊಡ್ಡ ತಾಣ ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ನಾವು ಐದು ಜನ ಸೇರಿ ಮುಯ್ಯಿಯ ಲೆಕ್ಕದಲ್ಲೇ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಹದಿನೈದು ದಿನಕ್ಕೆ ಒಬ್ಬರ ಕಥೆ. ಕಥೆಯನ್ನು ಗೂಗಲ್ ಡಾಕ್ಸ್‌ನಲ್ಲಿ ಇಟ್ಟು ಕೊಂಡಿ ಕಳಿಸಬೇಕು, ಓದಿದವರು ಪಕ್ಕದಲ್ಲೇ ಟಿಪ್ಪಣಿ ಹಾಕಬೇಕು. ‘ಸೂಪರ್’, ‘ಚೆನ್ನಾಗಿದೆ’, ಕೈಮುಗಿಯುವ ಚಿತ್ರ, ಈ ಮೂರಕ್ಕೂ ನಿಷೇಧ. ತನ್ನ ಗಮನ ಎಲ್ಲಿ ತಪ್ಪಿತು ಎಂಬುದನ್ನು ಪ್ರತಿಯೊಬ್ಬರೂ ಒಂದು ವಾಕ್ಯವನ್ನಾದರೂ ಗುರುತಿಸಿ ತೋರಿಸಲೇಬೇಕು.

ಹೊಸನಗರದ ಕಡೆಯ ಒಬ್ಬ ಹುಡುಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಮನೆಯೊಂದರ ಕಥೆ ಬರೆದಿದ್ದ. ಅದು “ಮಳೆ ಧೋ ಎಂದು ಸುರಿಯುತ್ತಿತ್ತು” ಎಂದು ಆರಂಭವಾಗುತ್ತಿತ್ತು. ಮಲೆನಾಡಿನ ಕಥೆಗಳಲ್ಲಿ ಅರ್ಧದಷ್ಟು ಹೀಗೆಯೇ ಆರಂಭವಾಗುತ್ತವೆ. ಗುಂಪಿನ ಒಬ್ಬ ಹಿರಿಯಕ್ಕ, ಶಾಲೆಯನ್ನು ಹತ್ತನೆಯ ತರಗತಿಗೆ ಬಿಟ್ಟವರು, ತೋಟದ ಮನೆಯಲ್ಲಿದ್ದುಕೊಂಡು ಓದುವವರು, ಆ ಸಾಲಿನ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದರು: “ಯಾವ ಮಳೆ ತಮ್ಮಾ? ಆರಿದ್ರೆಯೋ, ಪುಷ್ಯವೋ, ಆಶ್ಲೇಷವೋ?” ಹುಡುಗನಿಗೆ ಮೊದಲು ಅದು ತಮಾಷೆಯಂತೆ ಕಂಡಿತು. ಆಮೇಲೆ ಯೋಚಿಸಿದ: ಮಳೆಯ ನಕ್ಷತ್ರ ಯಾವುದೆಂದು ಗೊತ್ತಾದರೆ ಗದ್ದೆಯ ಕೆಲಸ ಎಲ್ಲಿಗೆ ಬಂದಿತ್ತೆಂದೂ ಗೊತ್ತಾಗುತ್ತದೆ. ಮನೆ ಬಿಡುವ ದಿನ ಸಸಿ ಕಿತ್ತಾಗಿತ್ತೇ, ನೆಟ್ಟಾಗಿತ್ತೇ? ನೆಡದ ಸಸಿಯನ್ನು ಬಿಟ್ಟುಹೋದರೋ, ನೆಟ್ಟ ಗದ್ದೆಯನ್ನು ಬಿಟ್ಟುಹೋದರೋ? ಮುಂದಿನ ಕರಡಿನಲ್ಲಿ ಆ ಸಾಲು ಹೀಗೆ ಬಂತು: “ಪುನರ್ವಸು ಮಳೆ ಹಿಡಿದು ಒಂಬತ್ತು ದಿನವಾಗಿತ್ತು, ಕಿತ್ತ ಸಸಿಯ ಕಟ್ಟುಗಳು ಅಂಚಿನ ಮೇಲೆ ಹಾಗೇ ಕೂತಿದ್ದವು.” ಮುಳುಗಡೆಯ ದುಃಖವನ್ನು ಹೇಳಲು ಅವನು ಕೊನೆಯಲ್ಲಿ ಬರೆದಿದ್ದ ಎರಡು ಪುಟಗಳ ಅಗತ್ಯ ಆಮೇಲೆ ಬೀಳಲಿಲ್ಲ. ಅಂಥ ಒಂದು ಪ್ರಶ್ನೆಯನ್ನು ಸಾವಿರ ಮೆಚ್ಚುಗೆಯ ಗುರುತುಗಳು ಕೊಡಲಾರವು. ಗುಂಪಿಗೆ ಐದಾರು ಜನಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಓದುವ ಜವಾಬ್ದಾರಿ ಪಕ್ಕದವನದು ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಪ್ರಕಟಣೆಯ ತಾಣಗಳ ಬಗ್ಗೆ ಈಗ ಹೇಳಬಹುದು. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಆರಂಭಿಸಿದ ದಿನಗಳಿಂದ ಕನ್ನಡದ ಅಂತರ್ಜಾಲ ಪತ್ರಿಕೆಗಳಿಗೆ ಒಂದು ಪರಂಪರೆಯೇ ಇದೆ. ಹರಿಪ್ರಸಾದ್ ನಾಡಿಗ್ ಅವರು ಕಟ್ಟಿದ ‘ಸಂಪದ’ವು ಒಂದು ಕಾಲದಲ್ಲಿ ನಮ್ಮಂಥ ಎಷ್ಟೋ ಜನರಿಗೆ ಮೊದಲ ಓದುಗರನ್ನು ಕೊಟ್ಟಿತು. ‘ಕೆಂಡಸಂಪಿಗೆ’, ‘ಅವಧಿ’, ‘ಪಂಜು’ ಇವು ಸಂಪಾದಕರಿರುವ ಪತ್ರಿಕೆಗಳು. ಕಳಿಸಿ, ಕಾಯಿರಿ, ಬೇಡವೆಂದರೆ ಬೇಸರಿಸಬೇಡಿ. ‘ಹೊನಲು’ ಪತ್ರಿಕೆ ಮಹಾಪ್ರಾಣಗಳನ್ನು ಬಿಟ್ಟು ಕನ್ನಡದ್ದೇ ಬೇರಿನ ಪದಗಳಿಂದ ಬರೆಯುವ ಪ್ರಯೋಗ ಮಾಡುತ್ತದೆ. ಅದರ ನಿಲುವನ್ನು ನೀವು ಒಪ್ಪದಿದ್ದರೂ, ಒಂದು ವಿಜ್ಞಾನ ಲೇಖನವನ್ನು ಅಲ್ಲಿಯ ರೀತಿಯಲ್ಲಿ ಬರೆದು ನೋಡಿದರೆ ನಿಮ್ಮ ಗದ್ಯದಲ್ಲಿ ಎಷ್ಟು ಪದಗಳನ್ನು ಯೋಚಿಸದೆ ಬಳಸುತ್ತಿದ್ದೀರಿ ಎಂಬುದು ತಿಳಿಯುತ್ತದೆ.

2014ರಲ್ಲಿ ಆರಂಭವಾದ ‘ಪ್ರತಿಲಿಪಿ’ಯ ಸ್ವಭಾವ ಬೇರೆ. ಅಲ್ಲಿ ಯಾರೂ ತಡೆಯುವುದಿಲ್ಲ, ಓದುಗರು ಹೇರಳವಾಗಿದ್ದಾರೆ. ಹಳ್ಳಿಯ ಗೃಹಿಣಿಯರು ಅಲ್ಲಿ ಧಾರಾವಾಹಿ ಬರೆದು ತಮ್ಮದೇ ಓದುಗ ಬಳಗವನ್ನು ಕಟ್ಟಿಕೊಂಡಿರುವುದನ್ನು ನಾನು ಗೌರವದಿಂದ ನೋಡುತ್ತೇನೆ. ಆದರೆ ದಿನಕ್ಕೊಂದು ಕಂತಿನ ಓಟವು ಪ್ರತಿ ಕಂತಿನ ತುದಿಯಲ್ಲೂ ಒಂದು ತಿರುವನ್ನು ಬೇಡುತ್ತದೆ. ಅದಕ್ಕೆ ಒಗ್ಗಿದ ಕೈಗೆ ಸಾವಧಾನದ ಕಥೆ ಬರೆಯುವುದು ಕಷ್ಟವಾಗಬಹುದು. ಅಲ್ಲಿಯ ನಿಜವಾದ ಲಾಭ ಬೇರೊಂದಿದೆ, ಅದು ದೂರದ ಓದುಗ. ನಮ್ಮ ಕಡೆಯ ಒಬ್ಬರು ಅಂತರ್ಜಾಲದಲ್ಲಿ ಹಾಕಿದ ಕಥೆಯಲ್ಲಿ “ಕೊನೆ ತೆಗೆಯುವ ಹೊತ್ತಿಗೆ ಕೊನೆಗೌಡ ಬರಲಿಲ್ಲ” ಎಂಬ ಸಾಲಿತ್ತು. ಕಲಬುರಗಿಯ ಓದುಗರೊಬ್ಬರು, “ಯಾವುದರ ಕೊನೆ? ಕೊನೆಯ ಗೌಡ ಎಂದರೆ ಆ ವಂಶ ಮುಗಿಯಿತೇ?” ಎಂದು ಕೇಳಿದರು. ಅಡಿಕೆಯ ಗೊನೆಗೆ ನಾವು ಕೊನೆ ಎನ್ನುತ್ತೇವೆ, ಮರವೇರಿ ಅದನ್ನು ಇಳಿಸುವವನು ಕೊನೆಗೌಡ ಎಂಬುದು ನಮಗೆ ನೀರು ಕುಡಿದಷ್ಟು ಸಹಜ. ಆ ಲೇಖಕರು ಪದವನ್ನು ಬಿಡಲಿಲ್ಲ, ಆವರಣದಲ್ಲಿ ಅರ್ಥವನ್ನೂ ಕೊಡಲಿಲ್ಲ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮರದಿಂದ ಮರಕ್ಕೆ ತೂಗಿ ದಾಟುವ ಅವನನ್ನು ಒಂದು ವಾಕ್ಯದಲ್ಲಿ ಮುಂಚೆಯೇ ತೋರಿಸಿದರು, ಕಲಬುರಗಿಯವರಿಗೂ ಅರ್ಥವಾಯಿತು.

ಮಕ್ಕಳಿಗಾಗಿ ಬರೆಯುವ ಆಸೆಯಿರುವವರು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣವನ್ನು ತಪ್ಪದೆ ನೋಡಿ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಇಟ್ಟಿದ್ದಾರೆ. ಅಲ್ಲಿಯ ಚಿತ್ರಗಳನ್ನು ಬಳಸಿ ನೀವೇ ಕಥೆ ಕಟ್ಟಬಹುದು, ಬೇರೆ ಭಾಷೆಯ ಕಥೆಯನ್ನು ಕನ್ನಡಕ್ಕೆ ತರಬಹುದು. ಮೊದಲ ಹಂತದ ಕಥೆಯೊಂದನ್ನು ಅನುವಾದಿಸಿ ನೋಡಿ. ಪುಟಕ್ಕೆ ಒಂದೆರಡು ವಾಕ್ಯಗಳಲ್ಲಿ, ಒಂದನೆಯ ತರಗತಿಯ ಮಗು ತಡವರಿಸದೆ ಓದುವ ಕನ್ನಡ ಬರೆಯುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ.

ನವೆಂಬರಿನಲ್ಲಿ 50,000 ಪದಗಳ ಕಾದಂಬರಿ ಬರೆಯುವ ‘ನ್ಯಾನೊರೈಮೊ’ ಬಗ್ಗೆ ಕೆಲವರು ಕೇಳಿದ್ದೀರಿ. 1999ರಲ್ಲಿ ಅಮೆರಿಕದಲ್ಲಿ 21 ಜನರಿಂದ ಆರಂಭವಾದ ಆ ಕೂಟವನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಆದರೆ ದಿನಕ್ಕಿಷ್ಟು ಎಂದು ಬರೆಯುವ ಶಿಸ್ತಿಗೆ ಯಾವ ಸಂಸ್ಥೆಯ ಹಂಗೂ ಇಲ್ಲ. ಎರಡು ತಿದ್ದುಪಡಿ ಮಾತ್ರ ಮಾಡಿಕೊಳ್ಳಿ. ನವೆಂಬರ್ ನಮ್ಮಲ್ಲಿ ಅಡಿಕೆ ಕೊಯ್ಲು ಆರಂಭವಾಗುವ ಕಾಲ, ರಾತ್ರಿಯೆಲ್ಲ ಸುಲಿಯುವವರ ಮನೆಯಲ್ಲಿ ಕಾದಂಬರಿ ಬರೆಯಲಾಗದು. ನಾಟಿ ಮುಗಿದು ಮಳೆ ಹೊರಗೆ ಬಿಡದ ಶ್ರಾವಣವನ್ನು ಆರಿಸಿಕೊಳ್ಳಿ. ಇನ್ನು ಪದಗಳ ಲೆಕ್ಕ. ‘ಮನೆಯಲ್ಲಿದ್ದವರಿಗೂ’ ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದಗಳು ಬೇಕು. ಅವರ 50,000 ಪದಗಳು ನಮಗೆ ಬಹಳ ದೊಡ್ಡ ಹೊರೆಯಾಗುತ್ತವೆ. 30,000 ಪದಗಳ ಗುರಿ ಇಟ್ಟುಕೊಂಡರೂ ಕೆಲಸ ಕಡಿಮೆಯಾಗುವುದಿಲ್ಲ.

ಇನ್ನು ನನಗೇ ಆದ ಒಂದು ನಷ್ಟವನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ತಾಣದಲ್ಲಿ ನನ್ನ ಹನ್ನೊಂದು ಪ್ರಬಂಧಗಳು ಬಂದಿದ್ದವು. ಅವನ್ನು ನೇರವಾಗಿ ಆ ತಾಣದ ಪೆಟ್ಟಿಗೆಯಲ್ಲೇ ಟೈಪ್ ಮಾಡಿದ್ದೆ, ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಒಂದು ದಿನ ತಾಣವೇ ಮುಚ್ಚಿಹೋಯಿತು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಎಂಬ ಸೌಲಭ್ಯದಲ್ಲಿ ಹಳೆಯ ವಿಳಾಸಗಳನ್ನು ಹಾಕಿ ಹುಡುಕಿದಾಗ ಏಳು ಸಿಕ್ಕವು, ನಾಲ್ಕು ಇಂದಿಗೂ ಸಿಕ್ಕಿಲ್ಲ. ಅವುಗಳಲ್ಲಿ ಒಂದು ನನ್ನ ತಾಯಿ ಕಂಬಳಿಕೊಪ್ಪೆ ಹಾಕಿಕೊಂಡು ಹೊಳೆ ದಾಟಿ ಬಂದ ದಿನದ ಬಗ್ಗೆ. ಅದನ್ನು ಮತ್ತೆ ಬರೆಯಲು ಮೂರು ಸಲ ಕೂತೆ, ಆ ಹದ ಬರಲಿಲ್ಲ. ದಯವಿಟ್ಟು ನಿಮ್ಮ ಪ್ರತಿ ನಿಮ್ಮಲ್ಲೇ ಇರಲಿ: ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ನಿಮಗೆ ನೀವೇ ಕಳಿಸಿಕೊಂಡ ಮಿಂಚಂಚೆಯಲ್ಲಿ ಒಂದು. ಎಲ್ಲ ಕಂಪ್ಯೂಟರುಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಹಳೆಯ ಮಾದರಿಯ ಫಾಂಟಿನಲ್ಲಿ ಟೈಪಾದ ಬರಹವು ಆ ಫಾಂಟಿಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಕನ್ನಡ ಟೈಪ್ ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಯೂನಿಕೋಡ್‌ನಲ್ಲಿಯೂ ಬಳಸಬಹುದಾದ್ದರಿಂದ ಕೈಗೆ ಹೊಸ ಅಭ್ಯಾಸವೇನೂ ಬೇಕಾಗುವುದಿಲ್ಲ.

ಹಕ್ಕಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬರೆದ ಕೂಡಲೇ ಕೃತಿಯ ಹಕ್ಕು ನಿಮ್ಮದಾಗುತ್ತದೆ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದು ಎಣಿಸುತ್ತದೆ. ತಾಣಗಳಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವ ಮೊದಲು, ನಿಮ್ಮ ಬರಹದಿಂದ ಧ್ವನಿರೂಪ, ಚಲನಚಿತ್ರ, ಅನುವಾದ ಮಾಡುವ ಅಧಿಕಾರವನ್ನೂ ಕೊಡುತ್ತಿದ್ದೀರೇ ಎಂದು ನೋಡಿ. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನು ‘ಅಪ್ರಕಟಿತ’ವೆಂದು ಒಪ್ಪದ ಸ್ಪರ್ಧೆಗಳು ಹಲವಿವೆ. “ನಿಮ್ಮ ಕವನ ಆಯ್ಕೆಯಾಗಿದೆ, ಸಂಕಲನಕ್ಕೂ ಪ್ರಶಸ್ತಿ ಪತ್ರಕ್ಕೂ ಇಷ್ಟು ಹಣ ಕಳಿಸಿ” ಎಂಬ ಸಂದೇಶ ಬಂದರೆ ಉತ್ತರಿಸಬೇಡಿ. ಅಮೆರಿಕದಲ್ಲಿ 1998ರಿಂದ ‘ರೈಟರ್ ಬಿವೇರ್’ ಎಂಬ ತಾಣ ಇಂಥ ಮೋಸಗಳನ್ನು ಬಯಲಿಗೆಳೆಯುತ್ತಾ ಬಂದಿದೆ. ಮೋಸದ ಬಗೆಗಳು ಎಲ್ಲ ಭಾಷೆಯಲ್ಲೂ ಒಂದೇ ಆಗಿರುವುದರಿಂದ ಅದನ್ನು ಓದಿದರೆ ನಮಗೂ ಉಪಯೋಗವಿದೆ.

ಬೆಳಿಗ್ಗೆ ಪ್ರಶ್ನೆ ಕೇಳಿದವರಿಗೆ ಉತ್ತರ ಬಾಕಿ ಇದೆ. ಇಪ್ಪತ್ತರಲ್ಲಿ ಒಂದೇ ಕಥೆಯನ್ನು ಆರಿಸಿ, ಅದೂ ನಿಮಗೇ ಪೂರ್ತಿ ನಂಬಿಕೆಯಿಲ್ಲದ ಕಥೆಯನ್ನು. ಈ ಕಮ್ಮಟದಲ್ಲಿ ಪರಿಚಯವಾದ ಇಬ್ಬರಿಗೆ ಅದನ್ನು ಕಳಿಸಿ, ಅವರ ಕಥೆಗಳನ್ನು ನೀವೂ ಕೇಳಿ ಪಡೆಯಿರಿ. ಉಳಿದ ಹತ್ತೊಂಬತ್ತು ಈ ಮಳೆಗಾಲ ಮುಗಿಯುವವರೆಗೆ ನಿಮ್ಮ ಹತ್ತಿರವೇ ಇರಲಿ.

ಊಟವಾದ ಮೇಲೆ ನಾವೆಲ್ಲ, ಯಾರು ಬೇಕಾದರೂ ಪದ ಸೇರಿಸಬಹುದಾದ ಅಂತರ್ಜಾಲ ನಿಘಂಟಾದ ಕನ್ನಡ ವಿಕ್ಷನರಿಯನ್ನು ತೆರೆದು ಕೂರೋಣ. ಕಾನು, ಹಕ್ಕಲು, ಬ್ಯಾಣ, ಸೊಪ್ಪಿನಬೆಟ್ಟ, ದರಗು: ಇಂಥ ನಮ್ಮ ಕಡೆಯ ಪದಗಳಲ್ಲಿ ಒಬ್ಬೊಬ್ಬರೂ ಒಂದನ್ನು ಆರಿಸಿಕೊಂಡು, ಅದು ಅಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅರ್ಥವನ್ನೂ ಮನೆಯಲ್ಲಿ ಆಡುವ ಒಂದು ವಾಕ್ಯವನ್ನೂ ಸೇರಿಸಬೇಕು. ಇಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಕಿಟಕಿಯ ಪಕ್ಕದ ಎರಡು ಬೆಂಚುಗಳಲ್ಲಿ ಮಾತ್ರ, ಆದ್ದರಿಂದ ಸರದಿಯಲ್ಲಿ ಬರಬೇಕಾಗುತ್ತದೆ. ಕಾಯುವವರು ಅಷ್ಟರೊಳಗೆ ತಮ್ಮ ವಾಕ್ಯವನ್ನು ಹಾಳೆಯ ಮೇಲೆ ಬರೆದು, ಪಕ್ಕದವರಿಗೆ ಓದಿ ಹೇಳಿ ತಿದ್ದಿಕೊಂಡಿರಿ.